ಎರಡು ರಿಜಿಸ್ಟರುಗಳ ನಡುವಿನ ಮೈದುನ

ವೆಚ್ಚ-ಪ್ರಯೋಜನ ಪರಿಶೀಲನಾ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ತಾವೂ ತಮ್ಮ ಕ್ಯಾಲ್ಕುಲೇಟರೂ ಕ್ಷೇಮವೆಂದು ನಂಬಿ, ಇಬ್ಬರಿಗೂ ಕೈಮುಗಿದು ಈ ಪತ್ರ ಬರೆಯುತ್ತಿದ್ದೇನೆ.

ಜೈಲಿನಿಂದ ಬಿಡುಗಡೆಯಾಗುವವರಿಗೆ ಎಚ್‌ಐವಿ ತಗಲದಂತೆ ತಡೆಯುವ ಮಾತ್ರೆಗಳನ್ನು, ಒಂದು ತಿಂಗಳಿಗಾಗುವಷ್ಟು, ಗೇಟಿನಲ್ಲೇ ಕೊಟ್ಟು ಕಳಿಸಿದರೆ ಖರ್ಚಿಗೆ ತಕ್ಕ ಫಲವುಂಟೇ ಎಂದು ತೂಗಿ ನೋಡಿದ ತಮ್ಮ ವರದಿಯನ್ನು ಎರಡು ಸಲ ಓದಿದೆ. ಎಂಬತ್ತು ಪುಟ, ನುಣುಪು ಕಾಗದ, ಬಣ್ಣಬಣ್ಣದ ನಕ್ಷೆಗಳು. ಕೊನೆಯಲ್ಲಿ ‘ಫಲ: ಸೊನ್ನೆ’. ಇಷ್ಟು ದುಬಾರಿ ಸೊನ್ನೆಯನ್ನು ನಾನು ಹಿಂದೆ ಕಂಡಿರಲಿಲ್ಲ.

ಅದು ಹುಟ್ಟಿದ ಬಗೆ ಅರವತ್ತೊಂದನೆಯ ಪುಟದ ಅಡಿಟಿಪ್ಪಣಿಯಲ್ಲಿದೆ. ಗೇಟು ದಾಟಿದವನ ಹೆಸರನ್ನು ಜೈಲಿನ ರಿಜಿಸ್ಟರಿನಿಂದ ಹೊಡೆದುಹಾಕುತ್ತಾರೆ. ಆರೋಗ್ಯ ಕೇಂದ್ರದ ರಿಜಿಸ್ಟರಿಗೆ ಸೇರಬೇಕಾದರೆ ಒಂದೇ ವಿಳಾಸದಲ್ಲಿ ಮೂರು ತಿಂಗಳು ವಾಸವಿದ್ದ ದಾಖಲೆ ಬೇಕು. ನಡುವೆ ಆತ ಯಾರ ಲೆಕ್ಕದಲ್ಲೂ ಇಲ್ಲ, ಇಲ್ಲದವನಿಗೆ ಸೋಂಕು ತಗಲುವುದಿಲ್ಲ, ತಗಲದ್ದನ್ನು ತಡೆಯುವುದು ದಂಡ. ಎಂಥ ನಿರ್ಮಲ ತರ್ಕ!

ಆ ಇಲ್ಲದವರಲ್ಲಿ ನನ್ನ ಮೈದುನನೂ ಒಬ್ಬ. ಬರುವ ಶುಕ್ರವಾರ ಬಿಡುಗಡೆ. ಸೂಜಿಯ ನಶೆಗೆ ಬಿದ್ದು ಒಳಗೆ ಹೋದವನು. ಕಳೆದ ವಾರದ ರಕ್ತಪರೀಕ್ಷೆಯ ಪ್ರಕಾರ ಸೋಂಕಿಲ್ಲ. ಹಳೆಯ ಗೆಳೆಯರು ಹಳೆಯ ಸೂಜಿ ಹಿಡಿದು ಬಸ್ ನಿಲ್ದಾಣದಲ್ಲೇ ಕಾಯುತ್ತಿರುತ್ತಾರೆಂದು ಅವನಿಗೆ ಗೊತ್ತು. “ಅತ್ತಿಗೆ, ಮೊದಲನೇ ತಿಂಗಳು ನನ್ನ ನಂಬ್ಬೇಡಿ, ಆ ಮಾತ್ರೆ ನಂಬಿ” ಅಂದ. ಹೊರಬಂದ ಮೇಲೆ ಅವನಿರುವುದು ನಮ್ಮ ಮನೆಯಲ್ಲೇ ಎಂದು ಆರೋಗ್ಯ ಕೇಂದ್ರದಲ್ಲಿ ಹೇಳಿದರೆ, ಗುಮಾಸ್ತರು, “ಅದ್ಸರಿ ಅಮ್ಮಾ, ಇಷ್ಟು ದಿನ ಎಲ್ಲಿದ್ರು?” ಎಂದು ಕೇಳಿದರು. ಸರ್ಕಾರದ ಮನೆಯಲ್ಲಿ, ಬೀಗವೂ ಸರ್ಕಾರದ್ದೇ ಎಂದೆ. ಅದು ವಾಸವಲ್ಲವಂತೆ.

ಆದ್ದರಿಂದ, ವೈರಸ್ಸಿಗೂ ವಿಳಾಸದ ದಾಖಲೆ ಕಡ್ಡಾಯವೆಂದು ದಯಮಾಡಿ ಒಂದು ಸುತ್ತೋಲೆ ಹೊರಡಿಸಿ. ಅದು ಆಗದಿದ್ದರೆ ನನ್ನ ಮೈದುನನನ್ನು ಮೂರು ತಿಂಗಳು ಗೇಟಿನ ಹೊಸ್ತಿಲಲ್ಲೇ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ, ನಿಲ್ಲಿಸಿಕೊಳ್ಳಿ; ಬುತ್ತಿ ನಾನು ತರುತ್ತೇನೆ, ಸಮಿತಿಗೆ ಖರ್ಚು ಬೀಳುವುದಿಲ್ಲ.

ಲೆಕ್ಕದ ಹೊರಗಿನಿಂದ,
ತಮ್ಮ ವಿಶ್ವಾಸಿ,
ಒಬ್ಬ ಅತ್ತಿಗೆ

ತಾ.ಕ.: ಬಿಡುಗಡೆಯ ಅರ್ಜಿಯಲ್ಲಿ ಅವನ ವಿಳಾಸವೆಂದು ತಮ್ಮ ಕಚೇರಿಯದನ್ನೇ ಬರೆದಿದ್ದೇನೆ. ಜೈಲಿನ ಗೇಟು ಆರಕ್ಕೆ ತೆರೆಯುತ್ತದೆ. ಏಳಕ್ಕೆ ಚಾಪೆ ಸಮೇತ ಅವನು ತಮ್ಮ ಮೆಟ್ಟಿಲ ಮೇಲಿರುತ್ತಾನೆ, ಪಕ್ಕದಲ್ಲಿ ನಾನೂ. ಹತ್ತಕ್ಕೆ ತಾವು ಅವನನ್ನು ದಾಟಿಕೊಂಡೇ ಒಳಗೆ ಹೋಗಬೇಕಾದೀತು. ದಾಟುವಾಗ ಒಮ್ಮೆ ಎಣಿಸಿಬಿಡಿ.