ದೋಣಿಯಲ್ಲಿ ಗಿಟಾರು ಕಂಡು ಒದರಿದ ಎಮ್ಮೆಗೆ

ಹುಮನಾಬಾದ ತಾಲೂಕಿನ ಹುಡಗಿ ಗ್ರಾಮ, ನಮ್ಮ ದನದ ಕೊಟ್ಟಿಗೆ, ಬಲಗಡೆಯ ಗೂಟದಲ್ಲಿ ಕಾಯಂ ವಾಸವಾಗಿರುವ ಶ್ರೀಮತಿ ಬಿಜಲಿ ಎಮ್ಮೆಯವರ ಸನ್ನಿಧಿಗೆ, ಅದೇ ಕೊಟ್ಟಿಗೆಯ ಸಗಣಿ ಬಾಚುವ ಮಾಣಿಕಪ್ಪನ ಶರಣು.

ಮಾನ್ಯರೇ,

ತಮ್ಮ ಹೊಟ್ಟೆ, ಕೊಂಬು, ಕೆಚ್ಚಲು ಎಲ್ಲವೂ ಕ್ಷೇಮವೆಂದು ದಿನಾ ಕಣ್ಣಾರೆ ನೋಡುತ್ತಿರುವುದರಿಂದ ಕುಶಲ ಕೇಳುವ ಗೋಜಿಗೆ ಹೋಗುವುದಿಲ್ಲ. ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು, ತಾವು ಸಾಲೆಯ ಬೇಲಿ ತಿಂದವರು. ವಿದ್ಯೆಯಲ್ಲಿ ನಮ್ಮಿಬ್ಬರ ನಡುವೆ ಭಾಳ ಅಂತರವಿಲ್ಲ. ಆದರೂ ತಮಗೆ ಓದಲು ಬಾರದ ಕಾರಣ ಗಿಟಾರಿಗೆ ಬಳಸಿ ಉಳಿದ ಅಂಟಿನಿಂದ ಈ ಪತ್ರವನ್ನು ಕೊಟ್ಟಿಗೆಯ ಬಾಗಿಲಿಗೇ ಅಂಟಿಸಿದ್ದೇನೆ. ಈಚೆಗೆ ತಮ್ಮ ದರ್ಶನಕ್ಕೆಂದು ಬರುತ್ತಿರುವ ಜನರಲ್ಲಿ ಯಾರಾದರೂ ಓದಿ ಹೇಳಲಿ.

ಫಿರ್ಯಾದು ಇಷ್ಟೇ. ಗಿಟಾರು ಮಾಡಿದವನು ನಾನು, ಹೆಸರಾದದ್ದು ತಮ್ಮದು.

ಮೊಮ್ಮಗಳು ಉಜ್ವಲಾ ಹುಮನಾಬಾದಿನ ಕಾಲೇಜಿಗೆ ಹೋಗುವುದು, ಅಲ್ಲಿಯ ವಾರ್ಷಿಕ ಗ್ಯಾದರಿಂಗ್‌ನಲ್ಲಿ ಅವಳ ಗೆಳತಿ ಮೆಹರೀನ್ ಹಾಡುವುದು, ಇವಳು ಗಿಟಾರು ಬಾರಿಸುವುದು ಎಂದು ನಿಕ್ಕಿಯಾಗಿದ್ದು ತಮಗೂ ಗೊತ್ತು, ಏಕೆಂದರೆ ಅವಳು ಆ ಹಾಡಿನ ಧಾಟಿ ಗುನುಗಿ ರೂಢಿ ಮಾಡಿಕೊಂಡದ್ದೇ ತಮ್ಮ ಮುಂದೆ. ಬಸವಕಲ್ಯಾಣದ ಒಂದು ಅಂಗಡಿಯಲ್ಲಿ ತಯಾರಾದ ಗಿಟಾರು ನೋಡಿಟ್ಟಿದ್ದಳು. ಕೊಳ್ಳಲು ಹೋದಾಗ ಕರೆಯದಿದ್ದರೂ ನಾನು ಜೊತೆಗೆ ಹೋದೆ. ಕಲ್ಲಂಗಡಿ ಹಣ್ಣನ್ನು ಬಾರಿಸಿ ನೋಡುವಂತೆ ಅದರ ಹೊಟ್ಟೆಯನ್ನು ಬೆರಳಿನಿಂದ ಬಡಿದು, ಅಂಗಡಿಯವನ ಎದುರಿಗೇ ಸಾರಿದೆ: "ಇದೇನ್ರೀ, ಬರೇ ಪೆಟ್ಟಿಗಿ! ನೊಗಾ ಕೆತ್ತಿದ ಕೈ ಅದ ಇದು. ಇದಕ್ಕಿಂತ ಛಲೋದು ಮನ್ಯಾಗ ಮಾಡ್ತೀನಿ." ಅಂಗಡಿಯವನು ನಕ್ಕ. ಅವನು ನಗದಿದ್ದರೆ ನಾನು ಸುಮ್ಮನಾಗುತ್ತಿದ್ದೆನೋ ಏನೋ. "ಅಜ್ಜಾ, ಹಟಾ ಬ್ಯಾಡ ಬಿಡು" ಎಂದು ಉಜ್ವಲಾ ಅಂಗಿ ಜಗ್ಗಿದಳು. ಯಾರಾದರೂ ಬ್ಯಾಡ ಅಂದ ಕೆಲಸವನ್ನು ನಾನು ಬಿಟ್ಟ ದಾಖಲೆ ನಮ್ಮ ಮನೆತನದಲ್ಲಿ ಇಲ್ಲ.

ಕೊನೆಗೆ ಅವಳು ಬಿಡಿ ಭಾಗಗಳನ್ನು ತುಂಬಿದ ಒಂದು ಡಬ್ಬಿ ತರಿಸಿದಳು. ಹಪ್ಪಳದಷ್ಟು ತೆಳುವಾದ ಹಲಗೆ, ಮೊದಲೇ ಬಗ್ಗಿಸಿದ ಪಕ್ಕೆಗಳು, ಒಂದು ಉದ್ದನೆಯ ಕುತ್ತಿಗೆ, ತಂತಿ, ಅದನ್ನು ಬಿಗಿಯಲು ಕಿವಿಯಂತೆ ಹಿಂಡುವ ಗುಬ್ಬಿಗಳು, ಜೊತೆಗೆ ಯಾವುದನ್ನು ಎಲ್ಲಿ ಕೂಡಿಸಬೇಕೆಂದು ತೋರಿಸುವ ಚಿತ್ರದ ಹಾಳೆ. ಓದಲು ಬಾರದವರಿಗೂ ತಿಳಿಯಲೆಂದು ಪಾಪ ಅಕ್ಷರವೇ ಇಲ್ಲದೆ ಬರೀ ಚಿತ್ರ ಬರೆದಿದ್ದರು. ನಾನು ಅದನ್ನೂ ನೋಡಲಿಲ್ಲ. ಹೊಟ್ಟೆಯ ಭಾಗವನ್ನು ಉಜ್ವಲಾ ಚಿತ್ರ ನೋಡಿಕೊಂಡು ಅಂಟಿಸಿದಳು; ನನ್ನ ಕೈ ಕಡಿಮೆ ಬಿದ್ದುದರಿಂದ ಅದು ಚೆಂದವಾಗಿಯೇ ಬಂತು. ಕುತ್ತಿಗೆ ಮಾತ್ರ ಅದಕ್ಕೆಂದೇ ಕೊರೆದ ಖಾಚಿನಲ್ಲಿ ಬಿಗಿಯಾಗಿ ಕೂರದೆ ನನ್ನ ಮುಂದಿನ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. "ಸಂದಿನ್ಯಾಗ ತೆಳ್ಳನ ಕಟ್ಟಿಗಿ ಚಕ್ಕಿ ಇಟ್ಟು ಅಂಟ ಹಚ್ಚಬೇಕಂತ. ನಾ ಬರೋತನಕ ಮುಟ್ಟಬ್ಯಾಡ" ಎಂದು ಹೇಳಿ ಅವಳು ಕಾಲೇಜಿಗೆ ಹೋದಳು.

ಮಾನ್ಯರೇ, ಗುದ್ದಲಿಯ ಕಾವು ಸಡಿಲಾದರೆ ನಾವು ಏನು ಮಾಡುತ್ತೇವೆ? ನೀರಿಗೆ ಹಾಕುತ್ತೇವೆ. ಕಟ್ಟಿಗೆ ನೀರು ಕುಡಿಯುತ್ತದೆ, ಉಬ್ಬುತ್ತದೆ, ಬಿಗಿಯುತ್ತದೆ. ನನ್ನ ಅಪ್ಪ ಹಾಕಿದ, ಅವನ ಅಪ್ಪ ಹಾಕಿದ, ಗುದ್ದಲಿ ಹಾರಿ ಯಾರ ತಲೆಯೂ ಒಡೆಯಲಿಲ್ಲ. ಇಷ್ಟು ಪುರಾವೆ ಇಟ್ಟುಕೊಂಡು ನಾನು ಕುತ್ತಿಗೆಯನ್ನು ಖಾಚಿಗೆ ತುರುಕಿ, ಗಿಟಾರನ್ನು ತಲೆ ಕೆಳಗಾಗಿ ತಾವು ನೀರು ಕುಡಿಯುವ ಕಲ್ಲಿನ ದೋಣಿಯಲ್ಲಿ ಹೆಗಲು ಮುಳುಗುವ ತನಕ ಇಳಿಸಿ, ತೇಲಿ ಬರಬಾರದೆಂದು ಅದರ ಕುಂಡಿಯ ಮೇಲೆ ಒಂದು ಕಲ್ಲು ಹೇರಿ, ಹೊರಸಿನ ಮೇಲೆ ಅಡ್ಡಾದೆ. ಅಷ್ಟು ಸಮಾಧಾನದ ನಿದ್ದೆ ನನಗೆ ಈಚೆಗೆ ಬಂದಿರಲಿಲ್ಲ.

ಅಷ್ಟರಲ್ಲಿ ತಾವು ಮೇದು ಮನೆಗೆ ಬಂದಿರಿ.

ಆ ದೋಣಿಯಲ್ಲಿ ತಾವು ಬೇವಿನ ಎಲೆ ಬಿದ್ದ ನೀರು ಕುಡಿದಿದ್ದೀರಿ. ನನ್ನ ರುಮಾಲು ಬಿದ್ದ ನೀರು ಕುಡಿದಿದ್ದೀರಿ. ಕೋಳಿ ಬಿದ್ದಾಗಲೂ ಕೋಳಿಯನ್ನು ಆಚೆ ಸರಿಸಿ ಕುಡಿದವರು. ಹುಟ್ಟಿದಂದಿನಿಂದ ಒಮ್ಮೆಯೂ ಅವಸರ ತೋರಿಸದ ತಮಗೆ ಬಿಜಲಿ ಎಂದು ಹೆಸರಿಟ್ಟದ್ದೇ ನಮ್ಮ ಮನೆಯ ಹಾಸ್ಯವಾಗಿತ್ತು. ಅಂಥ ತಾವು ಅಂದು ಮೂತಿ ಹಚ್ಚಿ, ಮೂಸಿ, ಎರಡು ಹೆಜ್ಜೆ ಹಿಂದೆ ಸರಿದು, ಅಷ್ಟು ದೂರದ ಮಾಣಿಕನಗರದ ಆಟೋದವರಿಗೂ ಕೇಳಿಸುವಂತೆ ಒದರಿದ ಉದ್ದೇಶವೇನು?

"ಬಿಜಲಿ ಯಾಕ ಒದರಾಕತ್ತದ? ನೀರಾಗ ಹಾವ ಬಿದ್ದದೇನು?" ಎನ್ನುತ್ತ ನನ್ನ ಹೆಂಡತಿ ಗಯಾಬಾಯಿ ಓಡಿ ಬಂದಳು. ಬಂದವಳು ಹಣೆ ಬಡಿದುಕೊಂಡು ಓಣಿಗೆಲ್ಲ ಕೂಗಿದಳು: "ಅಯ್ಯ ನಮ್ಮವ್ವಾ! ಕೂಸಿನ ಗಿಟಾರಕ್ಕ ಜಳಕಾ ಹಾಕ್ಯಾನಲ್ಲ ಈ ಮುದಕ!" ಆಗಷ್ಟೇ ಬಸ್ಸಿಳಿದು ಬಂದ ಉಜ್ವಲಾ ಪುಸ್ತಕದ ಚೀಲ ಅಲ್ಲೇ ಒಗೆದು ಗಿಟಾರನ್ನು ಎದೆಗವಚಿ ಮೇಲೆತ್ತಿದಳು. ಹೊಟ್ಟೆಯ ತೂತಿನಿಂದ ನೀರು ಸುರಿಯಿತು. ಹೆಗಲ ಹತ್ತಿರ ಅಂಟು ಬಿಟ್ಟು ಹಲಗೆ ಬಾಯಿ ತೆರೆದಿತ್ತು.

ಅವಳು ಬಯ್ಯಲಿಲ್ಲ. ಬೈದರೆ ತಿರುಗಿ ಬಯ್ಯಲು ನನಗೆ ಚೆನ್ನಾಗಿ ಬರುತ್ತದೆ. ಅವಳು ದೋಣಿಯ ಕಟ್ಟೆಯ ಮೇಲೆ ಕುಂತು, "ಮೆಹರೀನ್‌ಗ ಏನ್ ಹೇಳಲಿ?" ಎಂದಷ್ಟೇ ಅಂದಳು. ನಾನು ದೋಣಿಯೊಳಗೆ ಬಿದ್ದ ಕಲ್ಲನ್ನು ಎತ್ತಿ ಕೊಟ್ಟಿಗೆಯ ಹಿಂದೆ ಅಡಗಿಸಿದೆ.

ಆಮೇಲೆ ಉಜ್ವಲಾ ತೂತಿನೊಳಗೆ ಕೈ ಹಾಕಿ ತಡಕಾಡಿ, "ಒಳಗಿನ ಪಟ್ಟಿ ಹಿಡದಾವ. ಇನ್ನಷ್ಟು ಹೊತ್ತು ನೀರಾಗ ಇದ್ದಿದ್ದರ ಪೂರಾ ಬಿಚ್ಚತಿತ್ತು" ಎಂದಳು. ಎಲ್ಲರೂ ಒಮ್ಮೆಲೇ ತಮ್ಮ ಕಡೆ ತಿರುಗಿದರು. ತಾವು ಸಾಕ್ಷಿ ನುಡಿದ ಗಂಟಲು ಒಣಗಿತೆಂಬಂತೆ ದೋಣಿ ಬರಿದಾಗುವ ತನಕ ನೀರು ಕುಡಿದಿರಿ.

ಗಿಟಾರು ನೆರಳಿನಲ್ಲಿ ಒಣಗಿತು. ಉಜ್ವಲಾ ಹೊಸದಾಗಿ ಅಂಟು ಹಚ್ಚಿ, ಸಂದಿಗೆ ಚಕ್ಕೆ ಇಟ್ಟಳು. ಅದುಮಿ ಹಿಡಿಯುವ ಇಕ್ಕಳ ಮನೆಯಲ್ಲಿ ಇರಲಿಲ್ಲವಾಗಿ ತಮ್ಮ ಹಗ್ಗವನ್ನೇ ಎರವಲು ತಂದು ಸುತ್ತಿ, ಬಂಡಿಯ ಹೇರು ಬಿಗಿಯುವ ಹಾಗೆ ನಾನು ಅದರಲ್ಲಿ ಕೋಲು ತೂರಿಸಿ ತಿರುವಿದೆ. "ಅಜ್ಜಾ, ಬಾಯಿ ಬಂದ್, ಕೈ ಬಿಗಿ" ಎಂದು ಹುಕುಂ ಆಯಿತು. ಅಂಟು ಹಿಡಿಯುವ ತನಕ ಮಾತಿಲ್ಲದೆ ಕೋಲು ಹಿಡಿದು ಕುಂತೆ. ನೊಣ ಮೂಗಿನ ಮೇಲೆ ಕುಂತರೂ ಅದಕ್ಕೆ ಬಯ್ಯಲಿಲ್ಲ. ಗಯಾಬಾಯಿ ಕೆಲಸವಿಲ್ಲದಿದ್ದರೂ ಮತ್ತೆ ಮತ್ತೆ ಹಾದುಹೋಗಿ, "ದೇವರು ದೊಡ್ಡಾಂವ. ಮನ್ಯಾಗ ಹಕ್ಕಿ ಕೂಗೋದು ಇವತ್ತ ಕೇಳಸ್ತು" ಎಂದಳು. ಅತ್ತ ಹಗ್ಗ ಕಳೆದುಕೊಂಡ ತಾವು ನೆರೆಮನೆಯ ಸುಂದರಬಾಯಿಯ ತೊಗರಿ ಹೊಲಕ್ಕೆ ನುಗ್ಗಿ ಊಟ ಮುಗಿಸಿದಿರಿ. ಅದರ ಬೈಗುಳವೂ ನನಗೇ ಬಂತು, ತಮಗೆ ಬರಲಿಲ್ಲ.

ಗ್ಯಾದರಿಂಗ್ ದಿನ ಹೊಸ ರುಮಾಲು ಸುತ್ತಿ ಮುಂದಿನ ಸಾಲಿನಲ್ಲಿ ಕುಂತೆ. ಉಜ್ವಲಾ ಗಿಟಾರಿನ ಮೊದಲ ತಂತಿ ಮೀಟಿದಳು. ಅದು ನುಡಿಯಿತು ಮಾನ್ಯರೇ! ತಣ್ಣೀರು ಜಳಕ ಮಾಡಿದವರ ಗಂಟಲಿನಂತೆ ತುಸು ಬಿಗಿದ ದನಿ, ಆದರೆ ನುಡಿಯಿತು, ಮೆಹರೀನಳ ಹಾಡು ಅದರ ಮೇಲೆ ಹತ್ತಿ ಕುಂತಿತು. ಹಾಡು ಮುಗಿದ ಮೇಲೆ ನಮ್ಮ ಹುಡುಗಿ ಗಿಟಾರಿನ ಹೆಗಲ ಮೇಲಿನ ನೀರಿನ ಕಲೆಯನ್ನು ಎಲ್ಲರಿಗೂ ತೋರಿಸಿ ಮೈಕಿನಲ್ಲಿ ಹೇಳಿದಳು: "ಇದನ್ನ ಮಾಡಿದಾಂವ ನಮ್ಮ ಅಜ್ಜ. ಅಜ್ಜನ ಕೈಯಿಂದ ಉಳಿಸಿದಾಕಿ ನಮ್ಮ ಎಮ್ಮಿ, ಬಿಜಲಿ." ನನ್ನ ಹೆಸರಿಗೆ ನಗು, ತಮ್ಮ ಹೆಸರಿಗೆ ಚಪ್ಪಾಳೆ. ಮರುದಿನ ಮೆಹರೀನ್ ತಮಗೆ ಒಂದು ಚೀಲ ಹತ್ತಿಕಾಳು ತಂದಳು. ನನಗೆ ಸಲಾಂ ಅಜ್ಜಾ ಅಂದಳು.

ಆದ್ದರಿಂದ ವಿನಂತಿ ಏನೆಂದರೆ, ಮುಂದೆ ನಾನು ಕಟ್ಟಿಗೆ ಹಿಡಿದು ನೀರಿನ ಕಡೆ ನಡೆಯುವುದು ಕಂಡರೆ ಓಣಿಗೆ ಸಾರದೆ ಹಿಂದಿನಿಂದ ಕೊಂಬಿನಿಂದ ಮೆಲ್ಲಗೆ ಒಮ್ಮೆ ತಿವಿಯಬೇಕು. ಸಿಕ್ಕ ಚಪ್ಪಾಳೆಯಲ್ಲಿ ಅರ್ಧ ವಾಪಸು ಕೊಡಬೇಕು. ನೋಡಲು ಬಂದವರ ಮುಂದೆ ಕೋಲು ತಿರುವಿದ ಕೈ ಯಾರದೆಂಬುದನ್ನೂ ಅಷ್ಟೇ ಜೋರಾಗಿ ಒದರಬೇಕು. ಇದಾವುದೂ ಆಗದಿದ್ದರೆ ಹೋಗಲಿ. ಅಂದು ತಮ್ಮ ಹೆಸರು ಬಂದ ಕೂಡಲೇ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದು ಮುಂದಿನ ಸಾಲಿನ ಹೊಸ ರುಮಾಲಿನ ಮುದುಕ ಎಂಬ ಸಂಗತಿಯನ್ನಾದರೂ ಯಾರಿಗೂ ಹೇಳಬಾರದು.

ಹುಲ್ಲು ನೀರಿಗೆ ಎಂದೂ ತಪ್ಪದ,
ತಮ್ಮ ವಿಶ್ವಾಸಿ,
ಮಾಣಿಕಪ್ಪ

ತಾ.ಕ.: ಇವತ್ತು ದೋಣಿಯಲ್ಲಿ ಮುಳುಗಿರುವುದು ಗುದ್ದಲಿ. ಗುದ್ದಲಿಗೂ ಗಿಟಾರಿಗೂ ಫರಕು ತಿಳಿಯದವರು ಈ ಮನೆಯಲ್ಲಿ ಇಲ್ಲಿಯವರೆಗೆ ಒಬ್ಬರೇ ಇದ್ದಾರೆ. ತಾವು ಎರಡನೆಯವರಾಗದೆ ಬಾಯಿ ಮುಚ್ಚಿಕೊಂಡು ನೀರು ಕುಡಿಯತಕ್ಕದ್ದು.