ಎಲ್ಲರಿಗಾಗಿ ಒಂದು ಬಸ್ಸು

ಹೊಸ ವಿಷಯವೊಂದು ತಿಳಿದರೆ ಅದನ್ನು ಇನ್ನೊಬ್ಬರಿಗೆ ಹೇಳುವ ತನಕ ನನಗೆ ಅನ್ನ ಇಳಿಯುವುದಿಲ್ಲ. ಹೇಳಿದ ಮೇಲೆ ಕೇಳಿದವರಿಗೆ ಇಳಿಯುವುದಿಲ್ಲ ಎಂಬುದು ನನ್ನ ಹೆಂಡತಿ ಸುಮತಿಯ ಅಭಿಪ್ರಾಯ. ಮೊನ್ನೆ ಶನಿವಾರ ನಿಘಂಟು ತಿರುವುತ್ತಿದ್ದಾಗ ನನಗೆ ‘ಬಸ್’ ಎಂಬ ಪದದ ಜಾತಕವೇ ಸಿಕ್ಕಿಬಿಟ್ಟಿತು. ನಾವು ದಿನಾ ನೇತಾಡುವ ಈ ಬಸ್ಸು ಇಡೀ ಪದವೇ ಅಲ್ಲವಂತೆ, ಬರೀ ಬಾಲವಂತೆ! ಲ್ಯಾಟಿನ್ನಿನಲ್ಲಿ ‘ಓಮ್ನಿಬಸ್’ ಎಂದರೆ ‘ಎಲ್ಲರಿಗಾಗಿ’. ಫ್ರಾನ್ಸಿನಲ್ಲಿ ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿಗೆ ಆ ಹೆಸರು ಬಂತು. ಇಂಗ್ಲಿಷಿನವರು ಅದರ ತಲೆ ಕತ್ತರಿಸಿ ಬಾಲವನ್ನಷ್ಟೇ ಉಳಿಸಿಕೊಂಡರು. ಎಂಥ ದೊಡ್ಡ ಮನಸ್ಸಿನ ಪದ! ಖುಷಿಯಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಮರುದಿನ ಮೂಡುಬಿದಿರೆಯಲ್ಲಿ ಸುಮತಿಯ ತಮ್ಮನ ಗೃಹಪ್ರವೇಶ. ಅಕ್ಕನಾದ ಇವಳೇ ದೀಪ ಹಿಡಿದು ಮೊದಲು ಹೊಸಿಲು ದಾಟಬೇಕು. ಅವಳು ಸಿದ್ಧಕಟ್ಟೆಯ ತವರಿನಲ್ಲಿದ್ದಳು; ನಾನು ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿ ಬರಬೇಕು. “ಮುಹೂರ್ತಕ್ಕೆ ಸರಿಯಾಗಿ ಮುಟ್ಟುವ ಬಸ್ಸು ಅದೊಂದೇ. ನನಗೊಂದು ಸೀಟು ಹಿಡಿದಿಡಿ. ಬೇರೆ ಎಂತದೂ ಮಾಡುವುದು ಬೇಡ,” ಎಂದು ಫೋನಿನಲ್ಲಿ ಹೇಳಿದ್ದಳು.

ನಮ್ಮೂರ ಪದ್ಧತಿಯಂತೆ ನಾನು ಹೊರಗಿನಿಂದಲೇ ಕಿಟಕಿಯೊಳಗೆ ಒಂದು ಸೀಟಿಗೆ ಕೊಡೆ, ಇನ್ನೊಂದಕ್ಕೆ ಕರ್ಚೀಫು ಹಾಕಿ ಎರಡನ್ನೂ ಗೆದ್ದೆ. ಆದರೆ ಪಕ್ಕದಲ್ಲಿ ಕೊಡೆ ಮಾತ್ರ ಇದ್ದರೆ ಬಸ್ಸಿನ ಜಾತಕ ಯಾರಿಗೆ ಹೇಳುವುದು? ಹತ್ತಿರ ನಿಂತಿದ್ದ ನರಿಕೊಂಬು ಊರಿನ ಹಿರಿಯರೊಬ್ಬರನ್ನು, ಸಿದ್ಧಕಟ್ಟೆಯಲ್ಲಿ ಸುಮತಿ ಹತ್ತುವ ತನಕ ಮಾತ್ರ ಎಂದುಕೊಂಡು, ಕರೆದು ಕೂರಿಸಿ ಶುರು ಮಾಡಿದೆ. “ಹೌದಾ ಮಾರಾಯ್ರೇ,” ಎಂದು ಅವರು ಕಣ್ಣರಳಿಸಿದರು. ನನಗೆ ಇನ್ನಷ್ಟು ಹುರುಪು ಬಂತು.

ನಾನು ಫ್ರಾನ್ಸಿನಲ್ಲಿದ್ದಾಗ ಬಸ್ಸು ಎಲ್ಲಿಯೋ ನಿಂತಿತು. ಹೊರಗೆ ಗಲಾಟೆ, ಬಾಗಿಲಲ್ಲಿ ನೂಕುನುಗ್ಗಲು, ಒಳಗೆ ಕಂಡಕ್ಟರನ “ದುಂಬು ಪೋಲೆ, ದುಂಬು ಪೋಲೆ.” ಮುಂದೆ ಹೋಗಲು ಜಾಗವೆಲ್ಲಿದೆ? ಒಳ್ಳೆಯ ಘಟ್ಟದಲ್ಲಿ ಕಥೆ ತುಂಡಾಯಿತೆಂದು ನನಗೆ ಸಿಟ್ಟು ನೆತ್ತಿಗೇರಿತು. “ಇನ್ನು ಜಾಗ ಇಲ್ಲ, ರೈಟ್ ಪೋಯಿ!” ಎಂದು ಕಂಡಕ್ಟರನ ಧಾಟಿಯಲ್ಲೇ ಕೂಗಿಬಿಟ್ಟೆ. ಆ ಕೂಗಿಗೆ ಒಗ್ಗಿಹೋದ ಡ್ರೈವರ್ ಗೇರು ಹಾಕಿದ. ನಾನು ಹಿರಿಯರತ್ತ ತಿರುಗಿ, “ಹಾಗೆ, ಬಸ್ಸು ಅಂದರೆ ಎಲ್ಲರಿಗೂ,” ಎಂದು ಮುಗಿಸುವಷ್ಟರಲ್ಲಿ ಫೋನು ಬಂತು.

“ಈಗ ರೈಟ್ ಹೇಳಿದ್ದು ನೀವೇ ಅಲ್ವಾ?” ಎಂದಳು ಸುಮತಿ. “ನಾನು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದೆ.”

ಬಸ್ಸು ಆಗಲೇ ಸಿದ್ಧಕಟ್ಟೆ ದಾಟಿ ಓಡುತ್ತಿತ್ತು. ಅವಳಿಲ್ಲದೆ ದೀಪ ಒಳಗೆ ಹೋಗದು. ದೀಪ ಹೋಗದಿದ್ದರೆ ನಾನೂ ಒಳಗೆ ಹೋಗುವ ಹಾಗಿಲ್ಲ. ದಾರಿಯುದ್ದಕ್ಕೂ ಬೆವರಿದೆ. ಹಿರಿಯರು ಕುತೂಹಲದಿಂದ, “ಮತ್ತೆ ಲಾರಿ ಅಂದರೆ ಎಂತ?” ಎಂದು ಕೇಳಿದರು. ಜೀವನದಲ್ಲಿ ಮೊದಲ ಬಾರಿಗೆ ನನಗೆ ಏನನ್ನೂ ವಿವರಿಸಬೇಕೆನಿಸಲಿಲ್ಲ.

ಮೂಡುಬಿದಿರೆಯಲ್ಲಿ ಇಳಿದು ಓಡಿದರೆ, ಸುಮತಿ ದೀಪ ಹಿಡಿದು ಹೊಸಿಲ ಮುಂದೆ ನಿಂತಿದ್ದಾಳೆ! ಪಕ್ಕದ ಮನೆಯವರ ಓಮ್ನಿ ವ್ಯಾನಿನಲ್ಲಿ ಅಡುಗೆ ಪಾತ್ರೆಗಳ ನಡುವೆ ಕೂತು ನಮ್ಮ ಬಸ್ಸನ್ನು ಹಿಂದೆ ಹಾಕಿ ಬಂದಿದ್ದಳು. ದೀಪದೊಂದಿಗೆ ಹೊಸಿಲು ದಾಟಿದಳು. ಊಟಕ್ಕೆ ಕೂತಾಗ ಕೇಳಿದಳು: “ಬಸ್ಸು ಎಲ್ಲರಿಗೂ ಅಂತ ಹೇಳಿದಿರಂತೆ. ಆ ಎಲ್ಲರಲ್ಲಿ ನಾನು ಉಂಟಾ?” ಹಿರಿಯರೂ ಅದೇ ಮನೆಗೆ ಬಂದ ನೆಂಟರೆಂದು ಆಗ ತಿಳಿಯಿತು.

ಸಂಜೆ ಹಿಂದಿರುಗುವಾಗ ಬಸ್ಸಿನಲ್ಲಿ ಎರಡೇ ಸೀಟು ಖಾಲಿ ಇದ್ದವು. ಒಂದರಲ್ಲಿ ಸುಮತಿ ಕೂತಳು; ಇನ್ನೊಂದಕ್ಕೆ ಹಿರಿಯರನ್ನು ಕರೆದಳು. ಕಂಡಕ್ಟರ್ “ದುಂಬು ಪೋಲೆ” ಎಂದಾಗಲೆಲ್ಲ ನಾನು ತುಟಿ ಬಿಚ್ಚದೆ ಮುಂದೆ ಮುಂದೆ ಹೋದೆ.