ಆಕಾಶದಲ್ಲಿ ಒಂದು ಮೊಳೆ

ಒಂದು ದೇಶದಲ್ಲಿ ಹದಿನೈದು ವರ್ಷ ಕಳೆದರೆ ಅಲ್ಲಿಯ ಋತುಗಳು ನಮ್ಮ ತಲೆಯೊಳಗೆ ಬಾಡಿಗೆದಾರರಂತೆ ಬಂದು, ಆಮೇಲೆ ಮಾಲೀಕರಂತೆ ಕೂತುಬಿಡುತ್ತವೆ. ಪರ್ತ್‌ನಲ್ಲಿ ಜನವರಿ ಎಂದರೆ ಉರಿಬಿಸಿಲು, ಸಮುದ್ರಸ್ನಾನ, ರಜೆ. ಆದ್ದರಿಂದ ಜನವರಿಯಲ್ಲಿ ಇಡೀ ಜಗತ್ತು ಸಮುದ್ರಸ್ನಾನ ಮಾಡುತ್ತಿರುತ್ತದೆ ಎಂದು ನಾನು ನಂಬಿದ್ದರಲ್ಲಿ ತಪ್ಪೇನಿದೆ? ತಪ್ಪಿದೆ. ನಾನು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವನು. ಭೂಮಿ ವಾಲಿಕೊಂಡು ಸುತ್ತುತ್ತದೆ ಎಂದು ಹೈಸ್ಕೂಲಿನಲ್ಲಿ ಬಣ್ಣದ ಪೆನ್ಸಿಲಿನಿಂದ ಚಿತ್ರ ಬರೆದು ಮೇಷ್ಟ್ರ ಮೆಚ್ಚುಗೆ ಪಡೆದವನು. ಅಂಥವನು ಮೆಡಿಟರೇನಿಯನ್ ಸಮುದ್ರದ ಗೋಜೋ ಎಂಬ ಪುಟ್ಟ ದ್ವೀಪದಲ್ಲಿ, ಕಡಲ ತೀರದ ಹಳ್ಳಿಯೊಂದರಲ್ಲಿ, ಜನವರಿ ತಿಂಗಳಿಗೆ ಮೂವರ ಹೆಸರಿನಲ್ಲಿ ಕೋಣೆ ಕಾದಿರಿಸಿದೆ. ಜಾಲತಾಣದ ಚಿತ್ರದಲ್ಲಿ ಸಮುದ್ರ ನೀಲಿಯಾಗಿತ್ತು, ಜನ ಟೋಪಿ ಹಾಕಿಕೊಂಡು ನಗುತ್ತಿದ್ದರು. ಅವರು ಯಾವ ತಿಂಗಳಲ್ಲಿ ನಗುತ್ತಿದ್ದರು ಎಂದು ನಾನು ವಿಚಾರಿಸಲಿಲ್ಲ.

ಮೂವರು ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಣಿ ಕಂಪನಿಗಳು ಒಂದೊಂದಾಗಿ ಬಾಗಿಲು ಮುಂದೆ ಮಾಡುತ್ತಿದ್ದ ವರ್ಷಗಳು ಅವು. ನನ್ನ ಕೆಲಸ ಹೇಗೋ ಉಳಿಯಿತು. ಹೆಂಡತಿ ವಸುಧಾ ಕೆಲಸ ಮಾಡುತ್ತಿದ್ದ ಪ್ರಯೋಗಾಲಯ ಮುಚ್ಚಿತು. ಅವಳಿಗೆ ಬ್ರಿಸ್ಬೇನ್‌ನಲ್ಲಿ ಕೆಲಸ ಸಿಕ್ಕಿತು. "ಒಂದೇ ವರ್ಷ ರೀ, ಆಮೇಲೆ ಬಂದ್ಬಿಡ್ತೀನಿ" ಎಂದು ಹೋದವಳಿಗೆ ಅಲ್ಲಿ ಮೂರನೇ ವರ್ಷ ನಡೆಯುತ್ತಿತ್ತು. ಮಗಳು ಇಂಚರ ಅಡಿಲೇಡ್‌ನಲ್ಲಿ ಓದುತ್ತಿದ್ದಳು. ಪರ್ತ್‌ನ ಹೊರವಲಯದ ಎಲೆನ್‌ಬ್ರೂಕ್‌ನಲ್ಲಿ, ನಾಲ್ಕು ಕೋಣೆಗಳ ಮನೆಯಲ್ಲಿ ನಾನೊಬ್ಬ. ಬೇಸಿಗೆಯಲ್ಲಿ ಬ್ರಿಸ್ಬೇನ್ ನನಗಿಂತ ಎರಡು ಗಂಟೆ ಮುಂದೆ, ಅಡಿಲೇಡ್ ಎರಡೂವರೆ ಗಂಟೆ ಮುಂದೆ. ನಾನು ಕೆಲಸ ಮುಗಿಸಿ ಅನ್ನಕ್ಕಿಡುವ ಹೊತ್ತಿಗೆ ಅವರಿಬ್ಬರೂ ಪಾತ್ರೆ ತೊಳೆದಿಟ್ಟಿರುತ್ತಿದ್ದರು. ಒಂದು ಸಂಸಾರವಾಗಿ ನಾವು ಒಟ್ಟಿಗೆ ಮಾಡಿದ ಕೊನೆಯ ಕೆಲಸವೆಂದರೆ ಫೋನಿನ ಗುಂಪಿಗೆ 'ನಮ್ಮ ಮನೆ' ಎಂದು ಹೆಸರಿಟ್ಟದ್ದು.

ಆ ವರ್ಷ ನಮ್ಮ ಮದುವೆಗೆ ಇಪ್ಪತ್ತೈದು ತುಂಬುತ್ತಿತ್ತು. ಎಲ್ಲಾದರೂ ಮೂವರೂ ಹತ್ತು ದಿನ ಒಂದೇ ಗಡಿಯಾರದಲ್ಲಿ ಇರೋಣ ಎಂದು ನಾನೇ ಪಟ್ಟು ಹಿಡಿದು ಏರ್ಪಾಡು ಮಾಡಿದೆ. ಹೊರಡಲು ಎರಡು ವಾರವಿದೆ ಎನ್ನುವಾಗ ವಸುಧಾಳ ವಿಭಾಗದಲ್ಲಿ ಇಬ್ಬರು ಕೆಲಸ ಬಿಟ್ಟರು, ಅವಳ ರಜೆ ರದ್ದಾಯಿತು. ಮಗಳಿಗೆ ತರಬೇತಿಯ ಅವಕಾಶವೊಂದು ಬಂತು. "ಅಪ್ಪಾ, ಐಮ್ ಸೋ ಸಾರಿ. ಬಟ್ ಯೂ ಗೋ, ಪ್ಲೀಸ್" ಎಂದಳು. "ಹೌದು ರೀ, ನೀವಾದ್ರೂ ಹೋಗ್ಬನ್ನಿ. ಮನೇಲಿ ಕೂತು ಏನ್ಮಾಡ್ತೀರ?" ಎಂದಳು ಅವರಮ್ಮ. ಹೆಂಡತಿಯನ್ನು ಬಿಟ್ಟು ಮದುವೆಯ ಇಪ್ಪತ್ತೈದನೇ ವರ್ಷ ಆಚರಿಸಲು ಹೊರಟ ಗಂಡ ನಾನೊಬ್ಬನೇ ಇರಬೇಕು. ಪೆಟ್ಟಿಗೆಯಲ್ಲಿ ಮೂರು ಅರ್ಧ ತೋಳಿನ ಅಂಗಿ, ಒಂದು ಈಜು ಚಡ್ಡಿ, ಅಭ್ಯಾಸಬಲದಿಂದ ಚಟ್ನಿಪುಡಿ.

ದ್ವೀಪಕ್ಕೆ ದಾಟಿಸುವ ದೊಡ್ಡ ದೋಣಿಯಲ್ಲೇ ಹಲ್ಲು ಕಟಕಟ ಎನ್ನತೊಡಗಿತು. ಹಳ್ಳಿಯಲ್ಲಿ ಇಳಿದರೆ, ಸಮುದ್ರದ ಎದುರಿನ ಸಾಲು ಹೋಟೆಲುಗಳಿಗೆಲ್ಲ ಹಲಗೆ ಬಡಿದಿತ್ತು. ಐಸ್‌ಕ್ರೀಮ್ ಅಂಗಡಿಯ ಮುಂದೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿದಿದ್ದರು. ಅಲೆಗಳು ರಸ್ತೆಯ ಮೇಲೇ ಬಂದು ಬೀಳುತ್ತಿದ್ದವು. ಜೀವವಿದ್ದದ್ದು ಬೆಕ್ಕುಗಳಿಗೆ ಮತ್ತು ಒಂದು ಕಾಫಿ ಅಂಗಡಿಯಲ್ಲಿ ಕೂತಿದ್ದ ನಾಲ್ವರು ಮುದುಕರಿಗೆ. ನಾನು ಹಾದುಹೋದಾಗ ಅವರು ಮಾತು ನಿಲ್ಲಿಸಿ ನನ್ನ ಅರ್ಧ ತೋಳನ್ನು ನೋಡಿದರು.

ಅತಿಥಿಗೃಹದ ಒಡತಿ ಕಾರ್ಮೆನ್, ಎಪ್ಪತ್ತು ದಾಟಿದ ವಿಧವೆ. ಬಾಗಿಲು ತೆರೆದವಳು ನನ್ನ ಹಿಂದೆ ಇಣುಕಿ, ಎಡಕ್ಕೆ ನೋಡಿ, ಬಲಕ್ಕೆ ನೋಡಿ, "ಉಳಿದವರೆಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಬರಲಿಲ್ಲ ಎಂದೆ. ಅವಳ ಮುಖ ಸಣ್ಣದಾಯಿತು. ಕೋಣೆಯಲ್ಲಿ ಮೂರು ಹಾಸಿಗೆ, ಮೂರು ಟವೆಲು. ಮರುದಿನ ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಮೂರು ತಟ್ಟೆ, ಮೂವರಿಗಾಗುವಷ್ಟು ಬ್ರೆಡ್ಡು, ಟೊಮೆಟೊ, ಆಡಿನ ಹಾಲಿನ ಚೀಸು.

"ನಾನೊಬ್ಬನೇ ಅಲ್ಲವೇ?" ಎಂದೆ.

"ಮೂವರಿಗೆ ಅಂತ ಬರೆದಿದೆ. ಮೂವರಿಗೇ ಇಡುತ್ತೇನೆ" ಎಂದಳು.

ಎರಡು ಖಾಲಿ ತಟ್ಟೆಗಳ ಎದುರು ಕೂತು ತಿನ್ನುವುದು ಎಷ್ಟು ಕಷ್ಟ ಎಂದು ತಿಂದವರಿಗೇ ಗೊತ್ತು. ಒಂಟಿ ಮನುಷ್ಯನಿಗೆ ಒಂದು ತಟ್ಟೆಯಿಟ್ಟರೆ ಅವನು ಒಬ್ಬ, ಅಷ್ಟೆ. ಮೂರಿಟ್ಟರೆ ಅವನು ಇಬ್ಬರಿಲ್ಲದವನು.

ಅಂದು ತಿಂಡಿಯ ಹೊತ್ತಿಗೇ ಫೋನು ಬಂತು. ಬ್ರಿಸ್ಬೇನ್‌ನಲ್ಲಿ ಆಗ ಸಂಜೆ. "ಹೇಗಿದೆ ರೀ?" ಎಂದಳು ವಸುಧಾ. ಆಯ್ಕೆ ನನ್ನದು, ಪಟ್ಟು ನನ್ನದು. ಚಳಿಯಲ್ಲಿ ಕಂಬಳಿ ಹೊದ್ದು ಕೂತಿದ್ದೇನೆ ಎನ್ನಲು ಬಾಯಿ ಬರಲಿಲ್ಲ. "ಸ್ವರ್ಗ ಕಣೇ! ಬಿಸಿಲಂದ್ರೆ ಬಿಸಿಲು" ಎಂದೆ. "ಫೋಟೋ ಕಳಿಸಿ ಮತ್ತೆ" ಎಂದಳು. ಗೋಡೆಯ ಮೇಲೆ ಹಳ್ಳಿಯದೇ ಚಿತ್ರಗಳಿದ್ದ ಕ್ಯಾಲೆಂಡರ್ ತೂಗುತ್ತಿತ್ತು. ಜುಲೈ ತಿಂಗಳ ಹಾಳೆ ತಿರುವಿ, ಕೆಳಗಿನ ತಾರೀಖುಗಳು ಬಾರದ ಹಾಗೆ ಫೋಟೋ ತೆಗೆದು ಕಳಿಸಿದೆ. ಮಾರನೆಯ ದಿನ ಆಗಸ್ಟ್, ಅದರ ಮಾರನೆಯ ದಿನ ಜೂನ್. ಇಂಚರ "ಅಪ್ಪಾ, ಸೋ ನಾಟ್ ಫೇರ್!" ಎಂದು ಹೊಟ್ಟೆಕಿಚ್ಚಿನ ಮುಖಗಳನ್ನು ಕಳಿಸಿದಳು. ವಸುಧಾ ಬ್ರಿಸ್ಬೇನ್‌ನ ಸನ್ನಿಬ್ಯಾಂಕ್ ಬಡಾವಣೆಯ ಹೋಟೆಲೊಂದರಲ್ಲಿ ನಗುತ್ತ ಊಟಕ್ಕೆ ಕೂತ ಏಳೆಂಟು ಹೆಂಗಸರ ಫೋಟೋ ಕಳಿಸಿ, "ನಮ್ಮ ಗ್ಯಾಂಗ್" ಎಂದು ಬರೆದಳು. ಅವಳಾದರೂ ಖುಷಿಯಾಗಿದ್ದಾಳಲ್ಲ ಎಂದು ಸಂತೋಷವಾಯಿತು. ಪೂರ್ತಿ ಸಂತೋಷವಲ್ಲ. ನಾನಿಲ್ಲದೆಯೂ ಇಷ್ಟು ನಗುತ್ತಾಳೆಯೇ ಎಂದು ಒಳಗೊಂದು ಮುಳ್ಳು ಆಡಿತು.

ನಾಲ್ಕನೇ ಬೆಳಿಗ್ಗೆ ಕಾರ್ಮೆನ್ ಕೆಟಲು ತಂದವಳು ವಾಪಸು ಹೋಗಲಿಲ್ಲ. ಎರಡನೇ ತಟ್ಟೆಯ ಮುಂದೆ ಕೂತು, ನನ್ನ ಚಟ್ನಿಪುಡಿಯನ್ನು ಬ್ರೆಡ್ಡಿನ ಮೇಲೆ ಉದುರಿಸಿಕೊಂಡಳು. ಕೆಮ್ಮಿ, ಕಣ್ಣೊರೆಸಿಕೊಂಡು, ಇನ್ನಷ್ಟು ಉದುರಿಸಿಕೊಂಡಳು. ಆಮೇಲೆ ಹೇಳಿದಳು: "ಜನವರಿಯಲ್ಲಿ ನಾನು ಬಾಗಿಲು ತೆರೆಯುವುದೇ ಇಲ್ಲ. ಯಾರೂ ಬರುವುದಿಲ್ಲ. ನಿನ್ನ ಪತ್ರ ನೋಡಿದೆ. ಅಪ್ಪ, ಅಮ್ಮ, ಮಗಳು ಅಂತ ಬರೆದಿದ್ದೆ. ಮನೆಯಲ್ಲಿ ಹತ್ತು ದಿನ ಮಾತು ಕೇಳಿಸುತ್ತದಲ್ಲ ಎಂದು ಹೂಂ ಅಂದೆ." ಸುಮ್ಮನೆ ಚಹಾ ಬಗ್ಗಿಸಿದಳು. ಅವಳಿಗೆ ಕೊಟ್ಟ ಮಾತನ್ನು ನಾನು ಮುರಿದಿದ್ದೇನೆ ಎಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅಂದಿನಿಂದ ನಾನು ಒಬ್ಬನೇ ಮೂವರಷ್ಟು ಮಾತಾಡತೊಡಗಿದೆ. ಇಂಚರಳ ಬಾಲ್ಯ, ವಸುಧಾಳ ಕೋಪ, ಎಲ್ಲ ಹೇಳಿದೆ. ಕಾರ್ಮೆನ್ ತನ್ನ ತೀರಿಕೊಂಡ ಗಂಡನ ಗೊರಕೆಯನ್ನು ಅನುಕರಿಸಿ ತೋರಿಸಿದಳು.

ಐದನೇ ದಿನ ವಸುಧಾ ಫೋನು ಮಾಡಿ, "ರೀ, ಗುಡ್ ನ್ಯೂಸ್! ರಜೆ ಸಿಕ್ತು. ನಾನೂ ಇಂಚೂನೂ ಗುರುವಾರ ಅಲ್ಲಿರ್ತೀವಿ. ಅಂಥ ಬಿಸಿಲಿದ್ರೆ ಸ್ವೆಟರ್ ಬೇಡ ಅಲ್ವಾ?" ಎಂದಳು. ನಾನು "ಆಹಾ" ಎಂದೆ. ಅಂದೇ ಗಾಳಿ ಜೋರಾಗಿ ದೋಣಿ ಸಂಚಾರವೂ ನಿಂತಿತು. ಇಡೀ ದಿನ ಹಲಗೆ ಬಡಿದ ಬೀದಿಗಳಲ್ಲಿ ಅಲೆದೆ. ಅವರು ಬರಲಿ ಎಂದು ಆಸೆ, ಬಂದರೆ ಗತಿಯೇನು ಎಂದು ಭಯ. ಮರುದಿನ ಬೆಳಿಗ್ಗೆ ನಾನೇ ಫೋನು ಮಾಡಿದೆ.

"ವಸು, ಬರ್ಬೇಡ ಕಣೇ. ಇಲ್ಲಿ ಏನೂ ಇಲ್ಲ. ಚಳಿ, ಮಳೆ, ಎಲ್ಲಾ ಮುಚ್ಚಿದೆ. ನಾನು ಸುಳ್ಳು ಹೇಳಿದ್ದು."

"ಗೊತ್ತು ರೀ. ನಮಗೆ ಯಾವ ರಜೇನೂ ಸಿಕ್ಕಿಲ್ಲ. ನಿಮ್ಮ ಬಾಯಿಂದ ನಿಜ ಹೊರಡಿಸೋಕೆ ಹಂಗಂದೆ."

"ಹೇಗೆ ಗೊತ್ತಾಯ್ತು?"

"ನೀವು ಕಳಿಸಿದ ಆಕಾಶದಲ್ಲಿ ಮೊಳೆ ಇತ್ತು."

ತೆಗೆದು ನೋಡಿದೆ. ಜುಲೈನ ತಿಳಿನೀಲಿ ಆಕಾಶದ ನಡುವೆ, ಕ್ಯಾಲೆಂಡರ್ ತೂಗುಹಾಕಿದ ಮೊಳೆ, ತುಕ್ಕು ಹಿಡಿದ ನಕ್ಷತ್ರದ ಹಾಗೆ. ನಾನು ನಕ್ಕೆ. ಅವಳೂ ನಕ್ಕಳು. ನಗುತ್ತ ನಗುತ್ತ ಅವಳ ದನಿ ಎಲ್ಲೋ ದಾರಿ ತಪ್ಪಿತು.

"ಏನಾಯ್ತೇ?"

"ನಾನು ಕಳಿಸಿದ ಫೋಟೋ ಇತ್ತಲ್ಲ, ಆ ಹೆಂಗಸರು... ಅವರು ಯಾರೂ ನಂಗೆ ಗೊತ್ತಿಲ್ಲ ರೀ. ಪಕ್ಕದ ಟೇಬಲ್ಲು. ನಾನೊಬ್ಳೇ ನೂಡಲ್ಸ್ ತಿಂತಾ ಕೂತಿದ್ದೆ."

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನಾವು ಅಷ್ಟು ಹೊತ್ತು ಫೋನಿನಲ್ಲಿ ಮಾತಾಡಿದ್ದು ಅದೇ ಮೊದಲು. ಕಾರ್ಮೆನ್ ಎರಡು ಸಲ ಬಂದು ಚಹಾ ಬಿಸಿ ಮಾಡಿಕೊಟ್ಟಳು. ನಾವು ಯಾವ ಭಾಷೆಯಲ್ಲಿ ಅಳುತ್ತಿದ್ದೇವೆ ಎಂದು ಅವಳಿಗೆ ತಿಳಿಯದಿದ್ದರೂ ಮೂಗೊರೆಸಲು ಮೂರನೆಯ ತಟ್ಟೆಯ ಕರವಸ್ತ್ರ ತಂದುಕೊಟ್ಟಳು.

ಗಾಳಿ ನಿಂತ ಮೇಲೆ ದೋಣಿ ಹತ್ತಿದೆ. ಕಾರ್ಮೆನ್ ಉಳಿದ ಚಟ್ನಿಪುಡಿಯನ್ನು ಪೂರ್ತಿ ಇಟ್ಟುಕೊಂಡಳು. ಪರ್ತ್‌ನಲ್ಲಿ ಇಳಿದವನು ಎಲೆನ್‌ಬ್ರೂಕ್‌ಗೆ ಹೋಗದೆ ವಿಮಾನ ನಿಲ್ದಾಣದಿಂದಲೇ ಬ್ರಿಸ್ಬೇನ್ ವಿಮಾನ ಹಿಡಿದೆ. ಇಂಚರ ವಾರಾಂತ್ಯಕ್ಕೆ ಬಂದಳು. ಮೂವರೂ ಒಂದೇ ಗಡಿಯಾರದಲ್ಲಿ ಎರಡು ದಿನ ಇದ್ದೆವು. ಬಹುಪಾಲು ನಿದ್ದೆ ಮಾಡಿದೆವು. ಕೆಲಸ ಬಿಡುವವರು ಯಾರು, ಯಾವ ಊರು ಎಂಬ ಪ್ರಶ್ನೆ ಇನ್ನೂ ಹಾಗೇ ಇದೆ, ಅದು ಎರಡು ದಿನಕ್ಕೆ ಬಗೆಹರಿಯುವಂಥದ್ದಲ್ಲ. ಆದರೆ ಹೊರಡುವಾಗ ವಸುಧಾ ಒಂದು ಕಟ್ಟಪ್ಪಣೆ ಮಾಡಿದಳು: "ಇನ್ಮೇಲೆ ಫೋನಲ್ಲಿ ಸುಮ್ನೆ ಚೆನ್ನಾಗಿದೀನಿ ಅನ್ನೋದು ಬೇಡ. ಇದ್ದದ್ದು ಇದ್ದ ಹಾಗೇ ಹೇಳ್ಬೇಕು."

ಒಪ್ಪಿದೆ. ಮೊದಲ ದಿನವೇ ಅವಳು "ಹೇಗಿದೀರ?" ಎನ್ನುತ್ತಲೇ ಶುರುಮಾಡಿದೆ. ಸೊಂಟದ ಎಡಭಾಗದ ನೋವು, ಅದು ಕೂತಾಗ ಹೇಗೆ, ನಿಂತಾಗ ಹೇಗೆ. ಸಿಂಕು ಕಟ್ಟಿಕೊಂಡದ್ದು, ಪ್ಲಂಬರ್ ಬಾರದ್ದು, ನಾನೇ ಬಿಚ್ಚಿದ್ದು, ಬಿಚ್ಚಿದ್ದನ್ನು ಜೋಡಿಸಲಾಗದ್ದು. ಎದುರುಮನೆಯವನು ನೋಡಿಯೂ ಕೈಯೆತ್ತದೆ ಹೋದದ್ದು, ಅದರಿಂದ ನನ್ನ ಮನಸ್ಸಿಗೆ ಆದದ್ದು. ನಲವತ್ತು ನಿಮಿಷ ಎಲ್ಲೂ ಒಂದು ಸುಳ್ಳು ಬೆರೆಸದೆ ಹೇಳಿ, ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ.

"ರೀ" ಎಂದಳು ವಸುಧಾ, ಆಕಳಿಸುತ್ತ, "ದಿನ ಬಿಟ್ಟು ದಿನ ನಿಜ ಹೇಳಿದ್ರೆ ಸಾಕು."